ಗುರುವಾರದ ರೈಲು, ಆರು ಪಿಠೆ

"ಇನ್ನೊಂದ್ಸಲ ಒತ್ತು ಗಿಡ್ಡಮ್ಮ. ಮೆತ್ತಗೆ, ಉರುಳಿಸಿ ಒತ್ತು."

"ಇದು ಐದನೇದು ಭೀಮಕ್ಕ. ಮನೆ ಪತ್ರ ಮಾಡಿಸ್ವಾಗ್ಲೂ ಇಷ್ಟು ಒತ್ತಿರ್ಲಿಲ್ಲ ನಾನು."

ಅಡಿಕೆ ಸುಲಿಯುತ್ತ ಕೂತಿದ್ದ ಹೆಂಗಸರು ನಕ್ಕರು. ಗಿಡ್ಡಮ್ಮ ಸ್ಟಾಂಪ್ ಪ್ಯಾಡಿನಿಂದ ಹೆಬ್ಬೆರಳು ಎತ್ತಿ ಬಿಳಿ ಹಾಳೆಯ ಮೇಲೆ ಉರುಳಿಸಿದಳು. ಹಾಳೆಯ ಮೇಲೆ ಉಳಿದದ್ದು ಒಂದು ಕಪ್ಪು ಕಲೆ ಮಾತ್ರ. ಗೆರೆಯಿಲ್ಲ, ಸುಳಿಯಿಲ್ಲ. ಹುಣಸೆಬೀಜವನ್ನು ಮಸಿಯಲ್ಲಿ ಅದ್ದಿ ಇಟ್ಟು ತೆಗೆದ ಹಾಗಿತ್ತು.

ಉಳಿದ ಎಂಟು ಹೆಂಗಸರದೂ ಅದೇ ಕಥೆ. ಒಂಬತ್ತು ಕೈ, ಒಂಬತ್ತು ಕಲೆ.

ಭೀಮಕ್ಕ ಕನ್ನಡಕ ಹಣೆಗೇರಿಸಿದರು. ಮೂವತ್ತೊಂದು ವರ್ಷ ಪೊಲೀಸ್ ಠಾಣೆಗಳಲ್ಲಿ ರೈಟರ್ ಆಗಿ ಎಫ್‌ಐಆರ್, ಪಂಚನಾಮೆ, ಹೇಳಿಕೆ ಬರೆದು ನಿವೃತ್ತರಾದವರು, ಈಗ ಒಬ್ಬ ವಕೀಲೆಗೆ ಕೇಸಿನ ಕಾಗದ ನೋಡಿಕೊಡುತ್ತಿದ್ದರು. ಸಾವಿರಾರು ಹೆಬ್ಬೆಟ್ಟು ಹಾಕಿಸಿದ್ದರು. ಇಂಥದ್ದನ್ನು ಮಾತ್ರ ನೋಡಿರಲಿಲ್ಲ.

"ನಮ್ಮ ಜಗಳೂರು ಕಡೆ ಮೆಕ್ಕೆಜೋಳ, ಶೇಂಗಾ. ಕೈ ಒರಟಾಗ್ತೈತೆ, ಆದ್ರೆ ಗೆರೆ ಉಳೀತಾವೆ. ನಿಮ್ಮವು ಎಲ್ಲಿಗೆ ಹೋದ್ವು?"

"ಹಸಿ ಅಡಿಕೆ ಸಿಪ್ಪೆ ರಸ ತಿಂತೈತೆ ಅಕ್ಕ. ಉಳಿದಿದ್ದನ್ನ ಕತ್ತಿ ಸವೆಸ್ತೈತೆ. ಸೀಜನ್ ಮುಗಿದು ಎರಡು ತಿಂಗಳಿಗೆ ತಿರುಗಿ ಬರ್ತಾವೆ. ಅಲ್ಲೀ ತಂಕ ರೇಷನ್ ಅಂಗಡಿ ಮಿಷಿನ್ನಿಗೆ ನಾವು ಯಾರೋ ಏನೋ."

"ಮತ್ತೆ ಅಕ್ಕಿ ಹೆಂಗೆ ತರ್ತೀರಿ?"

"ಸುಲಿಯಾಕೆ ಕೂರದೋರು ಮನೇಲಿ ಒಬ್ರಾದ್ರೂ ಇರ್ತಾರಲ್ಲ, ಅವರು ಹೆಬ್ಬೆಟ್ಟು ಕೊಡ್ತಾರೆ. ನಮ್ಮನೇಲಿ ಮೊಮ್ಮಗಳು. ಅವಳ ಹೆಬ್ಬೆಟ್ಟಿಂದ ನಾವು ಆರು ಜನ ಉಣ್ತೀವಿ. ಅದಕ್ಕೇ ಅವಳು ಈಗ ಯಾರ ಮಾತೂ ಕೇಳಲ್ಲ."

ಭೀಮಕ್ಕ ನಗುತ್ತಲೇ ಚೀಲದಿಂದ ಒಂದು ಜೆರಾಕ್ಸ್ ತೆಗೆದು ಆ ಒಂಬತ್ತು ಕಲೆಗಳ ಪಕ್ಕ ಇಟ್ಟರು.

ಮೊಫಿಜುಲ್‌ನನ್ನು ಈ ನಲ್ಲೂರಿನ ಶೆಡ್ಡಿನಿಂದ ಎತ್ತಿಕೊಂಡು ಹೋಗಿ ಅಂದಿಗೆ ನಲವತ್ತೊಂದು ದಿನ.

ಪಶ್ಚಿಮ ಬಂಗಾಳದ ಕೂಚ್ ಬೆಹಾರ್ ಕಡೆಯವನು. ನಾಲ್ಕು ವರ್ಷದಿಂದ, ತೋಟಗಳ ಫಸಲು ಗುತ್ತಿಗೆ ಹಿಡಿಯುವ ಖೇಣಿದಾರ ಹಾಲೇಶಪ್ಪನ ಬಳಿ ಬೆಳಗ್ಗೆ ಅಡಿಕೆ ಸುಲಿದು, ಸಂಜೆ ಹಂಡೆಯಲ್ಲಿ ಬೇಯಿಸುತ್ತಿದ್ದ. ಅಡಿಕೆ ಬೆಂದ ಕೆಂಪು ನೀರಿಗೆ ಇಲ್ಲಿ ಚೊಗರು ಅನ್ನುತ್ತಾರೆ. ಮುಂದಿನ ಅಡಿಕೆಗೆ ಬಣ್ಣ ಕಟ್ಟಲು ಅದನ್ನು ಡ್ರಮ್ಮಿನಲ್ಲಿ ಎತ್ತಿಡುತ್ತಾರೆ. ಯಾರೋ ಕೊಟ್ಟ ಸುಳಿವು ಹಿಡಿದು ಬಂದ ವಿಶೇಷ ದಳದವರು ಅದನ್ನು ಬಾಂಬಿನ ದ್ರಾವಣವೆಂದು ಸೀಲು ಮಾಡಿ, ಅವನನ್ನು ಭಯೋತ್ಪಾದಕನೆಂದು ಒಯ್ದರು. ಹನ್ನೆರಡನೇ ದಿನಕ್ಕೆ ಲ್ಯಾಬಿನಿಂದ ಉತ್ತರ ಬಂತು. ಅದು ಅಡಿಕೆ ನೀರು.

"ನನ್ನ ಕೇಳಿದ್ರೆ ಒಂದು ಲೋಟ ಕುಡಿದೇ ತೋರಿಸ್ತಿದ್ದೆ" ಎಂದು ಗಿಡ್ಡಮ್ಮ ಇವತ್ತಿಗೂ ಹೇಳುತ್ತಾಳೆ.

ಅಲ್ಲಿಗೆ ಬಿಡಬೇಕಿತ್ತು. ಬಿಡಲಿಲ್ಲ. ಅವನ ಬೆರಳು ಆಧಾರ್ ಮಿಷಿನ್ನಿಗೆ ಹೊಂದಲಿಲ್ಲ, ಆದ್ದರಿಂದ ಕಾರ್ಡು ನಕಲಿ, ಆದ್ದರಿಂದ ಅವನು ಬಾಂಗ್ಲಾದೇಶದವನು ಎಂದು ಬರೆದು, ಬೆಂಗಳೂರಿನಾಚೆಯ ವಿದೇಶಿಯರ ಬಂಧನ ಕೇಂದ್ರಕ್ಕೆ ಹಾಕಿದರು. ಗುರುವಾರ ಬೆಳಗ್ಗೆ ರೈಲಿನಲ್ಲಿ ಗಡಿಗೆ ಒಯ್ದು ಆಚೆ ದಾಟಿಸುವುದೆಂದು ತೀರ್ಮಾನವಾಗಿತ್ತು. ಇವತ್ತು ಮಂಗಳವಾರ.

ಇಷ್ಟಕ್ಕೂ ಆಧಾರ ಈ ಜೆರಾಕ್ಸ್. 'ನಾನು ಬಾಂಗ್ಲಾದೇಶದವನು, ಕಳ್ಳದಾರಿಯಲ್ಲಿ ಬಂದೆ' ಎಂಬ ಹೇಳಿಕೆ. ಕೆಳಗೆ ಒಂದು ಹೆಬ್ಬೆಟ್ಟು.

ಎಂಥ ಹೆಬ್ಬೆಟ್ಟು ಅದು! ಒಂದೊಂದು ಗೆರೆಯನ್ನೂ ಎಣಿಸಬಹುದಿತ್ತು. ನಡುವೆ ಚೆಂದದ ಸುಳಿ. ಆ ಸುಳಿಯನ್ನು ಓರೆಯಾಗಿ ಸೀಳಿಕೊಂಡು ಹೋದ ಒಂದು ತೆಳು ಬಿಳಿ ಗೆರೆ, ಹಳೆಯ ಗಾಯದ್ದು.

"ಸೀಜನ್ನಿನ ನಡುವೆ, ಅಡಿಕೆ ಸುಲಿಯೋನ ಹೆಬ್ಬೆಟ್ಟು ಹಿಂಗೆ ಬಿದ್ದೀತಾ ಗಿಡ್ಡಮ್ಮ?"

"ಸಾಧ್ಯನೇ ಇಲ್ಲ. ಅವನ ಕೈ ನನ್ನ ಕೈಗಿಂತ ಸವೆದೈತೆ."

ಅಷ್ಟರಲ್ಲಿ ಜೋಸ್ನಾರಾ ಬಂದಳು. ಮೊಫಿಜುಲ್‌ನ ಹೆಂಡತಿ. ಸೊಂಟದ ಮೇಲೆ ಏಳು ತಿಂಗಳ ಹೆಣ್ಣು ಕೂಸು. ಕೂಸು ಹುಟ್ಟಿದ್ದೇ ಈ ಊರಲ್ಲಾದ್ದರಿಂದ ಶೆಡ್ಡಿನವರೆಲ್ಲ ಅದನ್ನು ನಲ್ಲೂರಮ್ಮ ಎನ್ನುತ್ತಿದ್ದರು. ಬಾಣಂತಿ ಎಂದು ಗಿಡ್ಡಮ್ಮ ಈ ವರ್ಷ ಅವಳನ್ನು ಕತ್ತಿಯ ಮುಂದೆ ಕೂರಲು ಬಿಟ್ಟಿರಲಿಲ್ಲ. ಅಡುಗೆ ಅವಳದು.

"ಅಕ್ಕ, ದಾರಿಗೆ." ಸ್ಟೀಲಿನ ಡಬ್ಬಿ ಚಾಚಿದಳು. "ಪಿಠೆ. ನಿಮ್ಮ ಕಡುಬಿನ ಥರನೇ. ಅಕ್ಕಿಹಿಟ್ಟು, ಬೆಲ್ಲ, ಕಾಯಿ. ನಡುವೆ ಗುಂಡಿ ಮಾಡೀನಿ. ನಮ್ಮನೆಯೋರಿಗೆ ಗುಂಡಿ ಇರ್ಬೇಕು, ಪಾಕ ನಿಲ್ತೈತೆ ಅಂತ."

ಶೆಡ್ಡಿನಲ್ಲಿ ಕಲಿತ ಕನ್ನಡ ಅವಳದು. ಮಾತಿಗೆ ಗಿಡ್ಡಮ್ಮನ ರಾಗವೇ ಇತ್ತು.

"ನಿನ್ನೆ ಫೋನ್ ಮಾಡಿದ್ನಾ?"

"ಎರಡು ನಿಮಿಷ. ಕೂಸಿಗೆ ಹಲ್ಲು ಬಂತಾ ಕೇಳಿದ್ರು. ಬಂತು ಅಂದೆ. ಕೆಳಗಿಂದಾ ಮೇಲಿಂದಾ ಕೇಳೋ ಹೊತ್ತಿಗೆ ಕಟ್ಟಾಯ್ತು." ಜೋಸ್ನಾರಾ ನೆಲದ ಮೇಲಿದ್ದ ಜೆರಾಕ್ಸ್ ನೋಡಿದಳು. "ಅಕ್ಕ, ಈ ಕಾಗದ ಇನ್ನೂ ಕೋರ್ಟಿಗೆ ಹೋಗಿಲ್ವಾ?"

"ಹೋಗೈತೆ ಕಣವ್ವ. ಇದರಿಂದಲೇ ಎಲ್ಲ ತೊಂದರೆ" ಎಂದು ಭೀಮಕ್ಕ ಡಬ್ಬಿ ಚೀಲಕ್ಕಿಟ್ಟು, ವಕೀಲೆ ಉಷಾರಾಣಿಗೆ ಫೋನ್ ಹಚ್ಚಿದರು. ಚನ್ನಗಿರಿಯ ಹುಡುಗಿ, ಅಂದು ಹೈಕೋರ್ಟಿನಲ್ಲಿ ಇದೇ ಕೇಸಿಗೆ ನಿಂತಿದ್ದಳು.

"ಉಷಾ, ಈ ಹೆಬ್ಬೆಟ್ಟು ಅವನದಲ್ಲ. ಒಂಬತ್ತು ಜನರ ಕೈ ನೋಡಿ ಹೇಳ್ತಾ ಇದೀನಿ, ಹಾಳೆ ಫೋಟೋ ಕಳಿಸ್ತೀನಿ. ತಾಳೆ ನೋಡಿಸ್ರಿ ಅಂತ ಇವತ್ತೇ ಕೇಳಮ್ಮ. ಹಾಂ... ಯಾರದಾದ್ರೂ ಇರ್ಲಿ ಬಿಡು. ಈ ಹೆಬ್ಬೆಟ್ಟು ಕೊಟ್ಟೋರು ಕಂಬಿ ಎಣಿಸ್ಲೇಬೇಕು, ನಾನು ಬಿಡಲ್ಲ."

ಫೋನ್ ಇಟ್ಟು ತಿರುಗಿದಾಗ ಜೋಸ್ನಾರಾ ಒಳಗೆ ಹೋಗಿಬಿಟ್ಟಿದ್ದಳು. ಕೂಸು ಅತ್ತಿರಬೇಕು ಅಂದುಕೊಂಡರು ಭೀಮಕ್ಕ.

*

ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ ನ್ಯಾಮತಿ ಮುಟ್ಟುವಾಗ ಹನ್ನೆರಡೂವರೆ.

ಯಾರ ಹೆಬ್ಬೆಟ್ಟು ಎಂದು ಭೀಮಕ್ಕನಿಗೆ ಗೊತ್ತಿರಲಿಲ್ಲ. ಯಾರು ಹಾಕಿಸಿದ್ದು ಎಂಬುದು ಗೊತ್ತಿತ್ತು. ಅವಸರದ ಪೊಲೀಸರು ಬೆರಳು ಹಿಡಿದು ಕುಟ್ಟುತ್ತಾರೆ, ಗುರುತು ಮೊಟ್ಟೆಯ ಹಾಗೆ ಬೀಳುತ್ತದೆ. ಇದು ಉಗುರಿನ ಈ ಅಂಚಿನಿಂದ ಆ ಅಂಚಿನವರೆಗೆ ಉರುಳಿತ್ತು, ಹಸುಗೂಸಿನ ಕೈ ಹಿಡಿದ ಹಾಗೆ ಹಿಡಿದು ಉರುಳಿಸಿದ್ದು. ಗುರುತಿನ ಬುಡದಲ್ಲಿ ಪೆನ್ನಿನಿಂದ ಒಂದು ಚುಕ್ಕಿ, ಯಾವ ಕಡೆ ಕೆಳಗು ಎಂದು ತಿಳಿಯಲಿ ಅಂತ. ಆ ಚುಕ್ಕಿ ಯಾವ ಪುಸ್ತಕದಲ್ಲೂ ಇಲ್ಲ. ಭೀಮಕ್ಕನದೇ ಅಭ್ಯಾಸ. ಅದನ್ನು ಅವರು ಕಲಿಸಿದ್ದು ಒಬ್ಬನಿಗೆ.

ಆ ಒಬ್ಬ ಸಿದ್ದೇಶ್, ನ್ಯಾಮತಿ ಬಸ್ ಸ್ಟ್ಯಾಂಡ್ ಹಿಂದಿನ ತನ್ನ ಮಾವನ ಬೀಜ ಗೊಬ್ಬರದ ಅಂಗಡಿಯಲ್ಲಿ ಕೂತಿದ್ದ. ವಿಶೇಷ ದಳಕ್ಕೆ ರೈಟರ್ ಆಗಿ ಹಾಕಿದ್ದರು. ಎಂಟು ದಿನದಿಂದ ರಜೆ.

"ಅಕ್ಕ!" ಎದ್ದು ಕಾಲು ಮುಟ್ಟಿದ. "ಬರ್ರಿ, ಬರ್ರಿ. ಫೋನ್ ಮಾಡಿದ್ರೆ ಬೈಕ್ ತರ್ತಿದ್ನಲ್ಲ."

"ನಿನ್ನ ಬೈಕಿನ ಹಿಂದೆ ಕೂತ್ರೆ ನನ್ನ ಸೊಂಟ ಯಾರು ಕೊಡ್ತಾರೋ? ರಕ್ಷಾ ಹೆಂಗದಾಳೆ?"

ರಕ್ಷಾ ಒಳಗಿನಿಂದ ತಾನೇ ಚಹಾ ತಂದಳು. ಅವನ ಹೆಂಡತಿ, ಏಳು ತಿಂಗಳು ತುಂಬಿದ ಬಸುರಿ. ಭೀಮಕ್ಕ ಅವಳ ಕೆನ್ನೆ ಸವರಿ, "ನೀನು ಒಳಗೆ ಕಾಲು ಚಾಚಿ ಕೂಡ್ರು ತಾಯಿ, ನಾವು ಹಳೇ ಕಥೆ ಮಾತಾಡ್ತೀವಿ" ಎಂದು ಕಳಿಸಿದರು.

ಅವಳ ಹೆಜ್ಜೆಯ ಸದ್ದು ನಿಂತ ಮೇಲೆ ಜೆರಾಕ್ಸ್ ಕೌಂಟರಿನ ಮೇಲಿಟ್ಟರು. ಪಕ್ಕದಲ್ಲಿ ಒಂಬತ್ತು ಕಲೆಗಳ ಹಾಳೆ.

ಸಿದ್ದೇಶ್ ಎರಡನ್ನೂ ನೋಡಿದ. ಬಹಳ ಹೊತ್ತು ನೋಡಲಿಲ್ಲ.

"ಚುಕ್ಕಿ ಚೆನ್ನಾಗಿ ಇಟ್ಟೀಯ" ಎಂದರು ಭೀಮಕ್ಕ.

"ನೀವು ಕಲಿಸಿದ್ದಲ್ಲಾ ಅಕ್ಕ."

"ಯಾರ್ದೋ ಸಿದ್ದೂ ಇದು?"

"ಅವನ್ದೇ."

"ಅವನ ಬೆರಳಲ್ಲಿ ಗೆರೆ ಇಲ್ಲ ಅಂತ ಕಾರ್ಡು ನಕಲಿ ಮಾಡಿದ್ರಿ. ಅದೇ ಬೆರಳಲ್ಲಿ ಗೆರೆ ಹುಟ್ಟಿಸಿ ಹೇಳಿಕೆ ತಗಂಡ್ರಿ. ಒಂದೇ ವಾರದಾಗೆ. ಯಾವ ಮುಲಾಮು ಹಚ್ಚಿದ್ರಿ, ನನಗೂ ಒಂದಿಷ್ಟು ಕೊಡು, ಮಂಡಿಗೆ ಹಚ್ಕೋತೀನಿ."

ಅವನು ನಗಲಿಲ್ಲ.

"ಸಾಹೇಬ್ರು ಬರೆದಿಟ್ಟಿದ್ರು ಅಕ್ಕ. ಅವನದು ಮೂರು ಸಲ ಒತ್ತಿಸಿದ್ವಿ. ಮಸಿ ಬಿಟ್ರೆ ಏನೂ ಬೀಳ್ಲಿಲ್ಲ. ಸಾಯಂಕಾಲದೊಳಗೆ ಒಂದು ಸರಿಯಾದ ಹೆಬ್ಬೆಟ್ಟು ಬೇಕು, ಹೆಂಗಾದ್ರೂ ತಾ, ಇಲ್ಲಾಂದ್ರೆ ನಿನ್ನ ಸಸ್ಪೆನ್ಷನ್ ಆರ್ಡರ್ರೂ ನಾನೇ ಬರೀತೀನಿ ಅಂದ್ರು." ಅವನು ಒಳಬಾಗಿಲ ಕಡೆ ನೋಡಿದ. "ಇವಳಿಗೆ ಆಗ ಆರು ತಿಂಗಳು."

"ಅದಕ್ಕೆ ಬೇರೆಯೋರ ಹೆಬ್ಬೆಟ್ಟು ತಂದೆ."

"ತಂದೆ."

"ಯಾರಿಂದ?"

"ಅದೊಂದು ಕೇಳ್ಬ್ಯಾಡ್ರಿ."

"ನಾನು ಕೇಳ್ದೇ ಇದ್ರೆ ಗುರುವಾರ ಅವನನ್ನ ರೈಲು ಹತ್ತಿಸಿ, ಗಡಿ ಹೊಳೆ ನಡುನೀರಲ್ಲಿ ಇಳಿಸಿ, ಆ ದಡಕ್ಕೆ ಹೋಗು ಅಂತಾರೆ. ಆ ದಡದಲ್ಲಿ ಅವನಿಗೆ ಯಾರೂ ಇಲ್ಲ. ಕೂಸಿನ ಹಲ್ಲು ಮೇಲಿಂದೋ ಕೆಳಗಿಂದೋ ಅನ್ನೋದೂ ಗೊತ್ತಿಲ್ಲ ಅವನಿಗೆ. ಯಾರು ಸಿದ್ದೂ?"

ಸಿದ್ದೇಶ್ ಕೌಂಟರಿನ ಮೇಲೆ ಚೆಲ್ಲಿದ್ದ ಜೋಳದ ಬೀಜಗಳನ್ನು ಒಂದೊಂದಾಗಿ ಆರಿಸತೊಡಗಿದ.

"ಕೊಟ್ಟೋರು ಕೆಟ್ಟ ಮನಸ್ಸಿಂದ ಕೊಟ್ಟಿಲ್ಲ ಅಕ್ಕ. ಅಷ್ಟು ಮಾತ್ರ ಹೇಳ್ತೀನಿ. ನನ್ನ ಸರ್ವಿಸಲ್ಲೇ ಅಷ್ಟು ಖುಷಿಯಿಂದ ಯಾರೂ ಹೆಬ್ಬೆಟ್ಟು ಕೊಟ್ಟಿರ್ಲಿಲ್ಲ. ಅವತ್ತಿಂದ ನನಗೆ ಅನ್ನ ಸೇರ್ತಿಲ್ಲ. ಅದಕ್ಕೇ ರಜಾ."

ಭೀಮಕ್ಕ ಬಯ್ಯಬೇಕೆಂದೇ ಬಂದಿದ್ದರು. ಹಿಂದೊಮ್ಮೆ ಅವನು ಮೊದಲ ಪಂಚನಾಮೆ ಬರೆಯುವಾಗ ಹೆಣ ನೋಡಿ ವಾಂತಿ ಮಾಡಿಕೊಂಡಿದ್ದ. ಆಗ ತಮ್ಮ ಬುತ್ತಿಯ ಮೊಸರನ್ನ ಉಣ್ಣಿಸಿದ್ದರು. ಈಗಲೂ ಕೈ ತಾನಾಗೇ ಚೀಲಕ್ಕೆ ಹೋಯಿತು.

"ಬಾಯಿಗೆ ಏನಾದ್ರೂ ಹಾಕ್ಕೋ ಮೊದಲು. ಅವನ ಹೆಂಡ್ತಿ ಮಾಡಿದ್ದು."

ಡಬ್ಬಿಯ ಮುಚ್ಚಳ ಸ್ವಲ್ಪವೇ ಸರಿಸಿ, ಒಂದು ಪಿಠೆ ತೆಗೆದು ಅವನ ಅಂಗೈಗಿಟ್ಟರು.

ಸಿದ್ದೇಶ್ ಅದನ್ನು ಬಾಯಿಗೆ ಒಯ್ದವನು ನಿಲ್ಲಿಸಿದ. ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಕರ್ಚೀಫು ತೆಗೆದು, ಪಿಠೆಯನ್ನು ಜೋಪಾನವಾಗಿ ಸುತ್ತಿ ಅಂಗಿಯ ಜೇಬಿಗಿಟ್ಟ.

"ಆಮೇಲೆ ತಿಂತೀನಿ ಅಕ್ಕ."

ಬಸುರಿ ಹೆಂಡತಿಗೆ ಎತ್ತಿಟ್ಟ ಅಂದುಕೊಂಡರು ಭೀಮಕ್ಕ. ಅವನ ಮೇಲಿನ ಸಿಟ್ಟು ಅರ್ಧ ಇಳಿದುಹೋಯಿತು.

"ನಾಳೆ ಸಂಜೆ ತಂಕ ಟೈಮ್ ಕೊಡ್ತೀನಿ" ಎಂದು ಎದ್ದರು. "ನೀನೇ ಬಂದು ಹೇಳು. ನನ್ನ ಕೈಲಿ ಹುಡುಕಿಸ್ಬ್ಯಾಡ."

*

ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿ ಚನ್ನಗಿರಿ ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಹಸಿವು. ಭೀಮಕ್ಕ ಕಲ್ಲುಬೆಂಚಿನ ಮೇಲೆ ಕೂತು ಡಬ್ಬಿಯ ಮುಚ್ಚಳ ಪೂರ್ತಿ ತೆಗೆದರು.

ಐದು ಪಿಠೆ. ಪ್ರತಿಯೊಂದರ ನಡುವೆ ಒಂದು ಗುಂಡಿ.

ಹಬೆಯಲ್ಲಿ ಬೆಂದ ಹಿಟ್ಟು ಬಿಸಿಯಿದ್ದಾಗಲೇ ಹೆಬ್ಬೆರಳಿನಿಂದ ಒತ್ತಿದ ಗುಂಡಿ ಅದು. ತಣ್ಣಗಾದ ಮೇಲೆ ಅಚ್ಚು ಹಾಕಿದಂತೆ ನಿಂತಿತ್ತು. ಮಧ್ಯಾಹ್ನದ ಬಿಸಿಲು ಅಡ್ಡ ಬಿದ್ದಾಗ ಗುಂಡಿಯ ತಳದಲ್ಲಿ ಗೆರೆಗಳು ಕಂಡವು. ಸುಳಿ ಕಂಡಿತು. ಸುಳಿಯ ಮೇಲೆ ಓರೆಯಾಗಿ, ಕೂದಲೆಳೆಯಷ್ಟು ಉಬ್ಬಿದ ಒಂದು ಏಣು.

ಭೀಮಕ್ಕ ಜೆರಾಕ್ಸ್ ತೆಗೆದು ಮೊಣಕಾಲ ಮೇಲೆ ಹಾಸಿದರು. ಐದು ಪಿಠೆಯನ್ನೂ ಒಂದೊಂದಾಗಿ ಪಕ್ಕಕ್ಕಿಟ್ಟು ನೋಡಿದರು. ಎರಡನೆಯದಕ್ಕೇ ಗೊತ್ತಾಗಿತ್ತು. ಆದರೂ ಐದನ್ನೂ ನೋಡಿದರು.

ಈ ಕಾಗದ ಇನ್ನೂ ಕೋರ್ಟಿಗೆ ಹೋಗಿಲ್ವಾ, ಎಂದು ಕೇಳಿದ್ದಳಲ್ಲ ಹುಡುಗಿ. ಅವಳು ಆ ಕಾಗದವನ್ನು ಮೊದಲೇ ನೋಡಿದ್ದಳು.

ಫೋನ್ ಬಡಿದುಕೊಂಡಿತು. ಉಷಾರಾಣಿ.

"ಅಕ್ಕ, ಗುರುವಾರದ ರೈಲು ನಿಂತೋಯ್ತು. ನಿಮ್ಮ ಒಂಬತ್ತು ಕಲೆ ಕೆಲಸ ಮಾಡಿದ್ವು. ಹೆಬ್ಬೆಟ್ಟು ತಾಳೆ ಆಗೋವರೆಗೆ ಅವನನ್ನ ಎಲ್ಲಿಗೂ ಒಯ್ಯೋ ಹಾಗಿಲ್ಲ ಅಂದ್ರು ಜಡ್ಜು."

"ಒಳ್ಳೇದಾಯ್ತು ಕಣಮ್ಮ" ಎಂದರು.

"ಒಂದೇ ಒಂದು ವಿಷಯ. ಸರ್ಕಾರಿ ವಕೀಲರು ಸುಮ್ನೆ ಬಿಡ್ಲಿಲ್ಲ. ಅವನದಲ್ಲ ಅಂದ್ರೆ, ಹೇಳಿಕೆ ಕೆಡಿಸಾಕೆ ಅವನ ಕಡೆಯವರೇ ಮೋಸ ಮಾಡಿರ್ಬಹುದು, ಶೆಡ್ಡಿನವರೆಲ್ಲರ ಹೆಬ್ಬೆಟ್ಟೂ ತಗೋಬೇಕು ಅಂದ್ರು. ನಾನು ಒಪ್ಕೊಂಡೆ. ನಾಳೆ ಬೆಳಗ್ಗೆ ಹನ್ನೊಂದಕ್ಕೆ ಬರ್ತಾರೆ. ನಮಗೇನು ಹೆದರಿಕೆ, ಅವರ್ಯಾರ್ಗೂ ಗೆರೆನೇ ಇಲ್ವಲ್ಲ. ಅಲ್ವಾ ಅಕ್ಕ?"

ಭೀಮಕ್ಕ ಪಿಠೆಗಳನ್ನು ಡಬ್ಬಿಗೆ ತುಂಬಿ ಮುಚ್ಚಳ ಒತ್ತಿದರು.

"ಅಕ್ಕ?"

"ಬಸ್ಸು ಬಂತು ಕಣೆ" ಎಂದರು. ಬಸ್ಸು ಬಂದಿರಲಿಲ್ಲ.

*

ನಲ್ಲೂರಿಗೆ ಬಂದಾಗ ಇಳಿಬಿಸಿಲು. ಕತ್ತಿಗಳ ಮುಂದೆ ಹತ್ತು ಜನ ಕೂತಿದ್ದರು.

ಬೆಳಗ್ಗೆ ಒಂಬತ್ತಿದ್ದರು. ಹತ್ತನೆಯವಳು ಜೋಸ್ನಾರಾ. ಅಡಿಕೆ ಸುಲಿದು ಸುಲಿದು, ನಡುನಡುವೆ ಹಸಿ ಸಿಪ್ಪೆಯಿಂದ ಬಲಗೈ ಹೆಬ್ಬೆರಳನ್ನು ಉಜ್ಜುತ್ತಿದ್ದಳು. ಕೂಸು ಗೋಣಿಚೀಲದ ಮೇಲೆ ಮಲಗಿತ್ತು.

"ನೀವು ಹೋದಾಗಿಂದ ಹಿಂಗೇ" ಎಂದಳು ಗಿಡ್ಡಮ್ಮ. "ಬ್ಯಾಡ ಅಂದ್ರೂ ಕೇಳ್ವಲ್ಲಳು. ಒಂದು ದಿನಕ್ಕೆ ಸವೆಯಲ್ಲ ಕಣವ್ವ ಅಂದೆ. ಯಾಕೆ ಸವೆಸ್ಬೇಕು ಅಂತ ಕೇಳಿದ್ರೆ ಬಾಯಿ ಬಿಡಲ್ಲ."

ಭೀಮಕ್ಕ ಅವಳ ಎದುರು ನೆಲದ ಮೇಲೆ ಕೂತರು. ಆ ಕೈ ಹಿಡಿದು ಸೆರಗಿನಿಂದ ಒರೆಸಿದರು. ಚರ್ಮ ಕೆಂಪಾಗಿ ತರಚಿತ್ತು. ಗೆರೆಗಳು ಹಾಗೇ ಇದ್ದವು.

"ಈ ಗಾಯ ಯಾವಾಗಿಂದು?"

"ಚಿಕ್ಕೋಳಿದ್ದಾಗ. ಮೀನು ಕೊಯ್ವಾಗ."

"ಹೆಬ್ಬೆಟ್ಟು ಕೇಳ್ದಾಗ ಏನಂದ್ರು?"

ಜೋಸ್ನಾರಾ ತಲೆ ತಗ್ಗಿಸಿದಳು. "ಒಬ್ಬ ಪೊಲೀಸ್ ಅಣ್ಣ ಬಂದ. ಒಳ್ಳೆಯೋನು. ಕೂಸನ್ನ ಎತ್ಕೊಂಡ. ಅವರ ಬೆರಳು ಬೀಳ್ತಿಲ್ಲ, ನೀನು ಮನೆಯೋಳು ಅಲ್ವಾ, ನೀನು ಕೊಡು, ಬಿಟ್ಟು ಕಳಿಸ್ತಾರೆ ಅಂದ. ರೇಷನ್ ಅಂಗಡೀಲಿ ಗಿಡ್ಡಮ್ಮನ ಮೊಮ್ಮಗಳು ಕೊಡ್ತಾಳಲ್ಲ, ಹಂಗೇ ಅಂದ್ಕೊಂಡೆ." ಸ್ವಲ್ಪ ತಡೆದಳು. "ಅವತ್ತು ರಾತ್ರಿಗೆ ಅವರಿಗೂ ಸೇರಿಸಿ ಅನ್ನ ಮಾಡಿದ್ದೆ."

ಕತ್ತಿಗಳ ಸದ್ದು ನಿಂತಿತ್ತು.

"ಬೆಳಗ್ಗೆ ನೀವು ಫೋನಲ್ಲಿ ಅಂದ್ರಲ್ಲ ಅಕ್ಕ, ಕೊಟ್ಟೋರು ಕಂಬಿ ಎಣಿಸ್ಬೇಕು ಅಂತ. ನಾನು ಎಣಿಸ್ತೀನಿ. ಆದ್ರೆ ಇವಳು ಇನ್ನೂ ಹಾಲು ಕುಡೀತಾಳೆ."

ನಾಳೆ ಹನ್ನೊಂದಕ್ಕೆ ಬರುತ್ತಾರೆ. ಈ ಬೆರಳು ಹಾಳೆಯ ಮೇಲೆ ಬಿದ್ದರೆ ಮೋಸ ಮಾಡಿದವಳು ಇವಳೇ ಎನ್ನುತ್ತಾರೆ. ನಿಂತ ರೈಲು ಮತ್ತೆ ಹೊರಡುತ್ತದೆ, ಈ ಸಲ ಇಬ್ಬರನ್ನು ಹತ್ತಿಸಿಕೊಂಡು. ಉಜ್ಜು ಎನ್ನಲು ಭೀಮಕ್ಕನಿಗೆ ನಾಲಿಗೆ ಏಳಲಿಲ್ಲ. ನಿಲ್ಲಿಸು ಎನ್ನಲೂ ಏಳಲಿಲ್ಲ.

ಚೀಲದಿಂದ ಡಬ್ಬಿ ತೆಗೆದರು. ಮುಚ್ಚಳ ಬಿಚ್ಚಿ ಗಿಡ್ಡಮ್ಮನ ಮುಂದೆ ಹಿಡಿದರು.

"ತಗೋ. ಎಲ್ರಿಗೂ ಮುರಿದು ಕೊಡು. ಒಂದು ಚೂರೂ ಉಳಿಸ್ಬ್ಯಾಡ."

ಗಿಡ್ಡಮ್ಮ ಪಿಠೆಯ ಗುಂಡಿಯನ್ನು ನೋಡಿದಳು. ಜೋಸ್ನಾರಾಳ ಬೆರಳನ್ನು ನೋಡಿದಳು. ಓದು ಬರದ ಹೆಂಗಸು, ಆದರೆ ಅಷ್ಟನ್ನು ಓದಿಕೊಂಡಳು. ಮೊದಲ ಪಿಠೆಯನ್ನು ಸರಿಯಾಗಿ ಗುಂಡಿಯ ನಡುವೆಯೇ ಮುರಿದಳು.

ಮೂವತ್ತೊಂದು ವರ್ಷ ಸಾಕ್ಷ್ಯಗಳನ್ನು ಅರಗು ಹಚ್ಚಿ ಸೀಲು ಮಾಡಿದ್ದ ಭೀಮಕ್ಕ ತಮ್ಮ ಪಾಲಿನ ಚೂರನ್ನು ಬಾಯಿಗಿಟ್ಟುಕೊಂಡರು. ಬೆಲ್ಲ ಹದವಾಗಿತ್ತು.

"ರುಚಿ ಐತೆ ಕಣೆ" ಎಂದಳು ಗಿಡ್ಡಮ್ಮ, ಬೆರಳು ನೆಕ್ಕಿಕೊಳ್ಳುತ್ತ. "ಎಷ್ಟು ಹಾಕಿದ್ದೆ ಡಬ್ಬಿಗೆ?"

"ಆರು."

"ಇಲ್ಲಿ ಐದೇ ಇದ್ದುವಲ್ಲ."

ಆರನೆಯದನ್ನು ಭೀಮಕ್ಕ ತಾವೇ ಸಿದ್ದೇಶನ ಅಂಗೈಗಿಟ್ಟಿದ್ದರು.

ಶೆಡ್ಡಿನ ಗೇಟಿನ ಹೊರಗೆ ಬೈಕು ನಿಂತ ಸದ್ದಾಯಿತು. ಅದರ ಹಿಂದೆಯೇ ವಿಶೇಷ ದಳದ ಜೀಪು. ಜೀಪಿನ ಬಾಗಿಲು ತೆಗೆಯುವ ಮೊದಲೇ ಸಿದ್ದೇಶ್ ಒಳಗೆ ಬಂದಿದ್ದ. ರಜೆ ಮುರಿದು ಯೂನಿಫಾರ್ಮ್ ಹಾಕಿದ್ದ. ಕೂಸನ್ನು ನೋಡಿದ, ಜೋಸ್ನಾರಾಳನ್ನು ನೋಡಿದ, ಭೀಮಕ್ಕನ ಮುಖ ಮಾತ್ರ ನೋಡಲಿಲ್ಲ.

ಅವನ ಬಲಗೈ ಯೂನಿಫಾರ್ಮಿನ ಜೇಬಿನ ಮೇಲಿತ್ತು. ಜೇಬಿನಲ್ಲಿ ಅದೇ ಕರ್ಚೀಫಿನ ಗಂಟು ಇನ್ನೂ ಉಬ್ಬಿಕೊಂಡೇ ಇತ್ತು.